ಕೊನೆಯ ಪುಟದ ಮೇಷ್ಟ್ರು

ರಸಾಯನಶಾಸ್ತ್ರದ ಟ್ಯೂಷನ್ ಮೇಷ್ಟ್ರಿಗೆ ಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರವೇ ವೇದವಾಕ್ಯ. ದ್ರಾವಣದ ಸಾಂದ್ರತೆಯಿರಲಿ, ನೀರು ಹೀರಿದ ಶಾಖವಿರಲಿ, ಮೊದಲು ಕೊನೆಯ ಪುಟ ತಿರುವಿ, ಆಮೇಲೆ ಲೆಕ್ಕದ ಕಿವಿ ಹಿಂಡಿ ಅಲ್ಲಿಗೇ ಎಳೆದು ತರುತ್ತಾರೆ. “ಯೂನಿಟ್ ಎಲ್ಲಮ್ಮಾ, ಮನೇಲಿ ಮಲಗಿದೆಯಾ?” ಎಂದು ರೇಗಿಸುತ್ತಾರೆ. ಇನ್ನೊಮ್ಮೆ ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅಪ್ಪನಿಂದ ಹೇಳಿಸಿಕೊಂಡಿದ್ದ ಹುಡುಗಿ ಮೊನ್ನೆ, ಇನ್ನೂರು ಗ್ರಾಂ ನೀರನ್ನು ಹತ್ತು ಡಿಗ್ರಿ ಕಾಯಿಸುವ ಲೆಕ್ಕಕ್ಕೆ 8.4 ಕಿಲೋಜೂಲ್ ಎಂದು ಬರೆದಳು. ಪುಸ್ತಕದಲ್ಲಿ 84 ಎಂದಿತ್ತು. ಮೇಷ್ಟ್ರು ಅವಳ ಸಾಲುಗಳ ಮೇಲೆ ಬೆರಳಾಡಿಸುತ್ತಾ ತಾವೂ ಗುಣಿಸಿ, ತಲೆದೂಗಿದರು. “ಸರಿಯಾಗೇ ಇದೆ ತಾಯಿ. ನಾನೂ ಹೀಗೇ ಸರಿ ಬರೆದು ಫೇಲಾದವನು. ಪೇಪರ್ ತಿದ್ದೋರೂ ಇದೇ ಪುಟ ನೋಡೋದು. ಚುಕ್ಕೆ ತೆಗಿ.” ಅವಳು ಪೆನ್ಸಿಲ್ಲಿನ ಚುಕ್ಕೆಯನ್ನು ಅಳಿಸಿದಳು. ಮೇಷ್ಟ್ರು ಮೊದಲ ಬಾರಿಗೆ ಅವಳ ಉತ್ತರದ ಪಕ್ಕ ‘ಗುಡ್’ ಎಂದು ಬರೆದರು.