ಯಡಿಯೂರಿನಲ್ಲಿ ಎತ್ತಿದ ಚೀಟಿ

ಗೆಳೆಯರೇ, ಒಮ್ಮೆ ಬರೆದರೆ ಎಲ್ಲ ಫೋನಿನಲ್ಲೂ ಓಡುವ ಆಪ್ ಮಾಡಲು ಫ್ಲಟರ್ ಕಲಿಯಲೋ, ರಿಯಾಕ್ಟ್ ನೇಟಿವ್ ಕಲಿಯಲೋ ಎಂದು ಇವತ್ತೇ ತುಮಕೂರಿನ ಕೋಚಿಂಗ್ ಸೆಂಟರಿಗೆ ತಿಳಿಸಬೇಕಿತ್ತು. ನನಗೆ ತೋಚಲಿಲ್ಲ. ಮಾವ ಯಡಿಯೂರಿನ ಗುಡಿಗೆ ಕರೆದೊಯ್ದು, ದೇವರ ಮುಂದೆ ಎರಡು ಚೀಟಿ ಇಟ್ಟು, "ಒಂದ್ ಎತ್ತಮ್ಮ, ಸ್ವಾಮಿನೇ ಹೇಳ್ತಾನೆ" ಎಂದರು.

ಎತ್ತಿದೆ. ಫ್ಲಟರ್. ಸುಮ್ಮನೆ ಇನ್ನೊಂದನ್ನೂ ಬಿಚ್ಚಿದೆ. ಅದರಲ್ಲೂ ಫ್ಲಟರ್.

"ಏನ್ ಮಾವ, ದೇವ್ರ ಮುಂದೇನೇ ಮೋಸನಾ?"

"ನಮ್ ಹುಡ್ಗನ ನೋಟ್‌ಬುಕ್ ನೋಡ್ದೆ ಕಣಮ್ಮ. ಅದನ್ನೇ ಅರ್ಧ ಕಲ್ತು ಬಿಟ್ಟೋಗವ್ನೆ."

ಮಾವನ ಮಗ, ನನ್ನ ಗಂಡ, ತೀರಿಕೊಂಡು ಎಂಟು ತಿಂಗಳು. ಆ ಪುಸ್ತಕವನ್ನು ನಾನಿನ್ನೂ ಮುಟ್ಟಿರಲಿಲ್ಲ.

ಆರಿಸುವ ಕೆಲಸವೇ ಸಿಗದ ದೇವರಿಗೆ ಮಾವ ಗಲ್ಲ ಬಡಿದುಕೊಂಡರು. ನಾನು ಹೊರಗೆ ಬಂದು ಫ್ಲಟರ್ ಎಂದು ಫೋನ್ ಮಾಡಿದೆ.