ವಾಣಿಗೆ, ಖಾರ ಕಡಿಮೆ

ಯಾವ ಪುಡಿ ಮಾಡಿದರೂ ಡಬ್ಬಿಗೆ ಚೀಟಿ ಅಂಟಿಸಿ ನನ್ನ ಪುಸ್ತಕದಲ್ಲೂ ಬರೆದಿಡುತ್ತೇನೆ. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಬಂದ ಅಭ್ಯಾಸ. ಹಾಗಾಗಿ ಇಲ್ಲಿ ಗಲ್ಫ್‌ನಲ್ಲಿ, ಹಮ್ದಾನ್ ಸ್ಟ್ರೀಟಿನ ಅಂಗಡಿಯಲ್ಲಿ ಸಾರಿನ ಪುಡಿಯ ಪೊಟ್ಟಣಗಳ ಮೇಲೆ ನನ್ನದೇ ಕೈಬರಹ ಕಂಡಾಗ ಗುರುತು ಹಿಡಿಯಲು ಕಷ್ಟವಾಗಲಿಲ್ಲ. "ವಾಣಿಗೆ, ಖಾರ ಕಡಿಮೆ." ಪಕ್ಕದಲ್ಲಿ ವೃತ್ತದೊಳಗೆ ಟ್ರೇಡ್‌ಮಾರ್ಕಿನ ಆರ್ ಅಕ್ಷರ.

ವಾಣಿ ನನ್ನ ಸೊಸೆ.

ಅಂಗಡಿಯ ಭಟ್ಕಳದ ಸಾಹೇಬರು ನಮ್ಮ ಮಹಡಿಯವರೇ. ಈದ್‌ಗೆ ಅವರ ಮನೆಯಿಂದ ಬಂದ ಪಾಯಸದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು, ಸೊಸೆಗೆ ತೆಗೆದಿಟ್ಟಿದ್ದ ಪುಡಿಯ ಡಬ್ಬಿಯನ್ನೇ ಅದರೊಳಗಿಟ್ಟು ಕಳಿಸಿದ್ದೆ.

"ಸಾಹೇಬರೇ, ಇದು ನನ್ನ ಪುಡಿಯಾ?"

"ಇಲ್ಲಮ್ಮ, ಪುಡಿ ನಮ್ಮದೇ. ಅಕ್ಷರ ಮಾತ್ರ ನಿಮ್ಮದು. ನೋಡಿದ ಕೂಡಲೇ ಮನೆಯದ್ದು ಅನ್ನಿಸಬೇಕಲ್ಲ, ಅದಕ್ಕೇ ನಿಮ್ಮ ಡಬ್ಬಿಯ ಚೀಟಿಯನ್ನು ಮಾದರಿಗೆ ಕೊಟ್ಟೆ! ಡಿಸೈನ್ ಮಾಡಿದವರಿಗೆ ಕನ್ನಡ ಬರುವುದಿಲ್ಲ, ಇಡೀ ಚೀಟಿಯನ್ನೇ ಹೆಸರು ಅಂದುಕೊಂಡರು. ನಾನು ಊರಿಂದ ವಾಪಸ್ ಬರುವಷ್ಟರಲ್ಲಿ ಅದೇ ಹೆಸರಲ್ಲಿ ರಿಜಿಸ್ಟ್ರೇಶನ್ ಆಗಿ ಖಲಾಸ್."

"ತೆಗೆಸಿಬಿಡಿ. ಗುರುತಿನವರು ಇದನ್ನು ನನ್ನ ಕೈರುಚಿ ಅಂದುಕೊಂಡರೆ ನನ್ನ ಮರ್ಯಾದೆ ಏನಾಗಬೇಕು?"

"ನಾನೂ ನಿಮಗೆ ಅದನ್ನೇ ಹೇಳಬೇಕು ಅಂತಿದ್ದೆ ಅಮ್ಮ. ಇನ್ನು ಮೇಲೆ ನೀವು ಡಬ್ಬಿ ಮೇಲೆ ಹೀಗೆ ಬರೆಯಬೇಡಿ. ನೋಡಿದವರು ಡೂಪ್ಲಿಕೇಟ್ ಅಂತಾರೆ."

ಸಮಾಧಾನಕ್ಕೆಂದು ಒಂದು ಪೊಟ್ಟಣ ಪುಕ್ಕಟೆ ಕೊಟ್ಟರು. ಅದರ ದೋಷಗಳನ್ನೆಲ್ಲ ಬರೆದಿಡಲೆಂದೇ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನ ಸಾರು ಮಾಡಿದೆ. ವಾಣಿ ಎರಡು ಸಲ ಹಾಕಿಸಿಕೊಂಡಳು.

"ಅತ್ತೆ, ಇಷ್ಟು ವರ್ಷದಲ್ಲಿ ಇವತ್ತು ಖಾರ ಸರಿಯಾಗಿದೆ ನೋಡಿ."

ಅದೊಂದನ್ನು ಮಾತ್ರ ನಾನು ಪುಸ್ತಕದಲ್ಲಿ ಬರೆದಿಟ್ಟಿಲ್ಲ.