ಎರಡನೇ ಹೋಳಿಗೆ

ಕಳೆದ ಭಾನುವಾರ ಹಳೇಬೀಡಿನಲ್ಲಿ ಒಂದು ನಾಮಕರಣದ ಊಟ. ಎಲೆಯ ಮುಂದೆ ಕೂತು ಪಕ್ಕಕ್ಕೆ ತಿರುಗಿದರೆ ವಿಮಲಾ! ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು.

ಅನ್ನಕ್ಕೆ ಹಾಕಿದ ನನ್ನ ಕೈ ಹಾಗೇ ನಿಂತಿತು.

ಯಾಕೆ ಅಂತೀರಾ? ವಿಮಲಾ ನನ್ನ ಕಾನ್ವೆಂಟ್ ಗೆಳತಿ. ಒಂಬತ್ತು ವರ್ಷ ಅವಳು ಬೇರೆಯವರ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿದವಳಲ್ಲ. ಅರಸೀಕೆರೆಯಲ್ಲಿ ಹೊಸದಾಗಿ ಶುರುವಾದ ಒಂದು ಪಂಥಕ್ಕೆ (ಹೆಸರು ಬೇಡ ಬಿಡಿ) ಸೇರಿದ್ದಳು. ಹೊರಗಿನವರು ಬೇಯಿಸಿದ್ದನ್ನು ತಿಂದರೆ ಅವರ ಪಾಪವೂ ನಮ್ಮ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಅಲ್ಲಿನ ಪಾಠ. ಎಲ್ಲಿಗೆ ಹೋದರೂ ಸ್ಟೀಲ್ ಡಬ್ಬಿ, ನೀರಿನ ಬಾಟಲಿ, ಮಣಿಕಟ್ಟಿಗೆ ದಾರ. ಈಗ ದಾರ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಿಸಿಲು ತಾಗದ ಒಂದು ಬಿಳಿ ಗೆರೆ.

"ಬಿಟ್ಬಿಟ್ಟೆ ಕಣೇ, ಆರು ತಿಂಗಳಾಯ್ತು," ಅಂದಳು. "ಆಶ್ರಮಕ್ಕೆ ಹೋಗಿದ್ದೆ. ಗುರುಗಳಿಗೆ ದಿನಾ ಊಟ ಹೋಟೆಲಿಂದ ಪಾರ್ಸಲ್ ಬರುತ್ತೆ! ಕಣ್ಣಾರೆ ನೋಡ್ದೆ. ನಮ್ಮನ್ನೆಲ್ಲ ಬ್ರೈನ್‌ವಾಶ್ ಮಾಡಿದ್ರು."

ಎದುರು ಸಾಲಿನ ಹೆಂಗಸರು ಅಯ್ಯೋ ಪಾಪ ಎಂದರು. ವಿಮಲಾ ಎರಡನೇ ಹೋಳಿಗೆ ಹಾಕಿಸಿಕೊಂಡಳು.

"ಸುಧಾಗೆ ಹೇಳಿದ್ಯಾ?" ಎಂದೆ.

ಸುಧಾ ನನ್ನ ತಂಗಿ, ಜಾವಗಲ್‌ನಲ್ಲಿದ್ದಾಳೆ. ಅವಳನ್ನು ಆ ಪಂಥಕ್ಕೆ ಸೇರಿಸಿದ್ದೇ ವಿಮಲಾ. ಎರಡು ಸಲ ಗರ್ಭ ನಿಲ್ಲದೆ ಸೋತು ಮಲಗಿದ್ದವಳ ಮನೆಗೆ ಪ್ರತಿ ಶನಿವಾರ ಬಸ್ ಹತ್ತಿ ಹೋಗಿ, ಪಕ್ಕ ಕೂತು, ತಲೆ ಸವರಿ ಸೇರಿಸಿದಳು. (ಮೊದಲ ಸಲ ವಿಮಲಾಳನ್ನು ಸುಧಾಳ ಮನೆಗೆ ಕರೆದುಕೊಂಡು ಹೋದವಳು ನಾನೇ. ತಂಗಿಯ ಮನಸ್ಸು ಹಗುರವಾದೀತು ಅಂದುಕೊಂಡೆ. ಇದನ್ನೂ ಬರೆಯಲೇಬೇಕು.)

ಆರು ವರ್ಷದಿಂದ ಸುಧಾ ನಮ್ಮ ಮನೆಗೂ ಡಬ್ಬಿ ತರುತ್ತಾಳೆ. ಅಮ್ಮ ಇರುವುದು ನನ್ನ ಜೊತೆ. ಎಪ್ಪತ್ತೊಂಬತ್ತು ವಯಸ್ಸು. ಕೈ ನಡುಗಿದರೂ ಸುಧಾ ಬರುವ ದಿನ ಅಕ್ಕಿರೊಟ್ಟಿಯನ್ನು ತಾನೇ ತಟ್ಟಬೇಕು. ಮಗಳು ತನ್ನ ಡಬ್ಬಿ ಬಿಚ್ಚುತ್ತಾಳೆ. ಅಮ್ಮ ರೊಟ್ಟಿ ಮುಚ್ಚಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಾಳೆ. ಹೋದ ತಿಂಗಳು ನನ್ನನ್ನು ಕೇಳಿದಳು: "ಹೆತ್ತೋಳ್ ಕೈನಾಗೆ ಅಂಥಾ ಪಾಪ ಏನೈತೆ ಕಣೇ?"

ಅದಕ್ಕೇ ವಿಮಲಾಳನ್ನು ಕೇಳಿದ್ದು.

ವಿಮಲಾ ಬೆರಳಿಗಂಟಿದ ತುಪ್ಪ ನೆಕ್ಕಿದಳು. "ಗ್ರೂಪಿಗೆ ಒಂದ್ ಮೆಸೇಜ್ ಹಾಕಿ ಎಕ್ಸಿಟ್ ಆದೆ. ಅವ್ಳೂ ನೋಡಿರ್ತಾಳೆ. ಅವ್ಳೇನು ಚಿಕ್ಕ ಮಗೂನಾ? ಅವರವರ ಜವಾಬ್ದಾರಿ ಅವರವರದು. ನಾನೇ ಇನ್ನೂ ಶಾಕ್‌ನಲ್ಲಿದೀನಿ."

ಗಮನಿಸಿದಿರಾ? ತನ್ನ ವಿಷಯಕ್ಕೆ ಬಂದರೆ ಬ್ರೈನ್‌ವಾಶ್. ಸುಧಾಳ ವಿಷಯಕ್ಕೆ ಬಂದರೆ ಸ್ವಂತ ಜವಾಬ್ದಾರಿ!

ವಿಮಲಾ ಮೋಸ ಹೋದದ್ದು ನಿಜ. ನಂಬಿದ್ದು ಅಪರಾಧವಲ್ಲ. ಅವಳ ಒಂಬತ್ತು ವರ್ಷ ವಾಪಸ್ ಬರುವುದಿಲ್ಲ, ಅದಕ್ಕೆ ನನಗೂ ಸಂಕಟವಿದೆ. ಆದರೆ ಮೋಸ ಹೋದವರ ಕೈಯಿಂದಲೇ ಇನ್ನೊಬ್ಬರಿಗೆ ಮೋಸ ಆಗಿರಬಹುದಲ್ಲ? ಇಂಥ ಕಡೆಗಳಿಂದ ಹೊರಗೆ ಬಂದ ಮೂರ್ನಾಲ್ಕು ಜನರ ಮಾತು ಕೇಳಿದ್ದೇನೆ. ಎಲ್ಲರೂ ಗುರುವಿನ ಬಂಡವಾಳ ಬಿಚ್ಚಿಡುತ್ತಾರೆ. ತಾವು ಯಾರ ಮನೆಯ ಬಾಗಿಲು ತಟ್ಟಿದ್ದೆವು ಎಂದು ಒಬ್ಬರೂ ಹೇಳುವುದಿಲ್ಲ.

ಊಟದ ಎಲೆ ಮುಂದೆ ದನಿ ಏರಿಸಬಾರದು ಎಂದು ನಮಗೆ ಸಿಸ್ಟರ್‌ಗಳು ಕಲಿಸಿದ್ದರು. ಅವತ್ತು ಏರಿಸಿದೆ.

"ಜಾವಗಲ್‌ಗೆ ಹೋಗಿ ಅವಳ ಎದುರು ಕೂತು ಹೇಳು. ನಾನು ಹೇಳಿದ್ರೆ ನಂಬಲ್ಲ. ನೀನು ಹೇಳಿದ್ರೆ ನಂಬ್ತಾಳೆ, ಯಾಕಂದ್ರೆ ನಂಬಿಸಿದ್ದೇ ನೀನು!"

ಬಡಿಸುವವರು ಸಾರಿನ ಬಕೆಟ್ ಹಿಡಿದು ನಿಂತೇಬಿಟ್ಟರು.

"ಮೆಲ್ಲಗೆ ಕಣೇ, ಎಲ್ರೂ ನೋಡ್ತಿದಾರೆ. ಆಮೇಲೆ ಫೋನ್ ಮಾಡ್ತೀನಿ," ಅಂದಳು ವಿಮಲಾ.

ಇನ್ನೂ ಮಾಡಿಲ್ಲ.

ವಿಮಲಾ, ನೀನು ಈ ಅಂಕಣ ತಪ್ಪದೆ ಓದುತ್ತೀಯ, ನನಗೆ ಗೊತ್ತು. ಈ ಶನಿವಾರ ಬೆಳಿಗ್ಗೆ ಅಮ್ಮನ ಅಕ್ಕಿರೊಟ್ಟಿ ಕಟ್ಟಿಸಿಕೊಂಡು ನಾನು ಜಾವಗಲ್ ಬಸ್ ಹತ್ತುತ್ತೇನೆ. ನನ್ನ ತಪ್ಪನ್ನು ನಾನು ಹೇಳುತ್ತೇನೆ. ಅವಳನ್ನು ಸೇರಿಸಲು ಪ್ರತಿ ಶನಿವಾರ ಹೋದವಳಿಗೆ, ಬಿಡಿಸಲು ಒಂದೇ ಒಂದು ಶನಿವಾರ ಬಿಡುವಾಗುವುದಿಲ್ಲವೇ?